ಚರಂಡಿ ದಾಟದ ಹೆಪ್ಪು

ಉಗುರುಬೆಚ್ಚಗಿನ ಹಾಲಿಗೆ ಚೈತ್ರಮ್ಮ ಒಂದು ಚಮಚ ಮೊಸರು ಬಿಟ್ಟು ತಿರುವಿದರು. ಲಸಿಕೆ ತಯಾರಿಸುವ ಕೆಲಸ ಅಷ್ಟೇ. ಆ ಹೆಪ್ಪಿನ ಬ್ಯಾಕ್ಟೀರಿಯಾಗಳ ಮೈಮೇಲೆ ಕಾಲರಾ ರೋಗಾಣುವಿನ ಹೊರಕವಚದ ಒಂದು ತುಣುಕು ಬೆಳೆಯುವಂತೆ ಮಾಡಿದ್ದಳು ಅವರ ಅಣ್ಣನ ಮಗಳು, ವಿಜ್ಞಾನಿ ಧೃತಿ. ತುಣುಕಿನಿಂದ ಅಪಾಯವಿಲ್ಲ. ಮೊಸರು ಉಂಡವರ ಕರುಳಿನಲ್ಲಿ ಕಾವಲಿರುವ ಬಿಳಿ ರಕ್ತಕಣಗಳು ಅದನ್ನು ಗುರುತಿಟ್ಟುಕೊಳ್ಳುತ್ತವೆ. ನಿಜವಾದ ರೋಗಾಣು ಬಂದ ದಿನ, ಇದು ಕಂಡ ಮುಖವೇ ಎಂದು ಮುಗಿಬೀಳುತ್ತವೆ.

"ಊರಿಗೆ ಒಂದು ಮನೆ ಸಾಕು ಅತ್ತೆ. ಹೆಪ್ಪು ಕೇಳದ ಮನೆ ಎಲ್ಲಿದೆ?" ಎಂದಿದ್ದಳು ಧೃತಿ.

ಕೊರೊನಾ ಕಾಲದಲ್ಲಿ ಕಾಲೇಜು ಹುಡುಗಿಯಾಗಿ ಲಸಿಕೆಗೆ ಬಿಸಿಲಲ್ಲಿ ಸಾಲು ನಿಂತಿದ್ದ ಚೈತ್ರಮ್ಮನಿಗೆ ಈಗ ಅರವತ್ತು. ಬಟ್ಟಲು ಹಿಡಿದು ಬಂದವರಿಗೆಲ್ಲ ಹಿಗ್ಗಿನಿಂದ ಕೊಟ್ಟರು.

ಆ ವರ್ಷ ವೇದಾವತಿ ಹೊಳೆ ಉಕ್ಕಿ ಕುಡಿಯುವ ನೀರಿಗೆ ಚರಂಡಿ ಸೇರಿತು. ಚೈತ್ರಮ್ಮನ ಮನೆಯಿದ್ದ ಪೇಟೆ ಬೀದಿಯಲ್ಲಿ ಒಬ್ಬರೂ ಹಾಸಿಗೆ ಹಿಡಿಯಲಿಲ್ಲ. ಚರಂಡಿಯಾಚೆಯ ಕೇರಿಯಲ್ಲಿ ಮನೆಮನೆಗೂ ವಾಂತಿಭೇದಿ. ಚೈತ್ರಮ್ಮನ ಮನೆಯ ಪಾತ್ರೆ ತೊಳೆಯುವ ರೇಣುಕಳ ಮಗಳು ಸಿಂಚನಾ ಆಸ್ಪತ್ರೆ ಸೇರಿದಳು. ಉಳಿಯುತ್ತಾಳೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಧೃತಿ ಬಂದವಳೇ ಕೇಳಿದಳು, "ರೇಣುಕಂಗೆ ಹೆಪ್ಪು ಕೊಟ್ಟಿರಲಿಲ್ವಾ ಅತ್ತೆ?"

"ಅವಳು ಕೇಳ್ಲೇ ಇಲ್ವಲ್ಲೇ."

"ಹೇಗೆ ಕೇಳ್ತಾಳೆ? ಅವಳ ಲೋಟ ಇವತ್ತಿಗೂ ಹಿತ್ತಲ ಗೂಡಲ್ಲೇ ಇದೆ."

"ಅಷ್ಟೆಲ್ಲ ಓದಿದೋಳು ನೀನು. ನಿಂಗೆ ಮೊದ್ಲೇ ಹೊಳೀಲಿಲ್ವಾ?"

ಧೃತಿ ತಲೆ ತಗ್ಗಿಸಿದಳು. "ರೋಗ ಹೇಗೆ ಹರಡುತ್ತೆ ಅಂತ ಓದಿದ್ದೆ. ಮೊಸರು ಎಲ್ಲಿ ನಿಲ್ಲುತ್ತೆ ಅಂತ ಯೋಚಿಸ್ಲಿಲ್ಲ."

ಸಿಂಚನಾ ಉಳಿದಳು. ಅವಳು ಮನೆಗೆ ಬಂದ ಸುದ್ದಿ ಕೇಳಿ ಚೈತ್ರಮ್ಮ ಮೊಸರಿನ ಗಡಿಗೆ ಹಿಡಿದು ಚರಂಡಿಯ ಹಾಸುಗಲ್ಲು ದಾಟಿದರು. ಹುಟ್ಟಿದ ಮೇಲೆ ಅದೇ ಮೊದಲು.

ರೇಣುಕ ಗಡಿಗೆ ಮುಟ್ಟಲಿಲ್ಲ. "ನಿಮ್ಮನೆ ಮೊಸರು ನಾವು ಉಣ್ತೀವಿ ಅಮ್ಮಾರೆ. ನಮ್ಮನೆ ಮಜ್ಜಿಗೆ ನೀವು ಕುಡೀತೀರಾ?" ಎಂದು ಒಳಗಿಂದ ಲೋಟ ತಂದು ಹಿಡಿದಳು. "ಹೆದರ್ಬೇಡಿ, ಕಾಯಿಸಿದ ನೀರೇ."

ಕಾಲರಾದ ಹೆದರಿಕೆ ಚೈತ್ರಮ್ಮನಿಗೆ ಇರಲಿಲ್ಲ; ಅವರ ಕರುಳು ಅದನ್ನು ಬಲ್ಲದು. ಆದರೂ ಕೈ ಮುಂದೆ ಬರಲಿಲ್ಲ. ದಿನವೂ ರೇಣುಕ ತೊಳೆದಿಟ್ಟ ತಟ್ಟೆಯಲ್ಲೇ ಅವರು ಉಣ್ಣುತ್ತಿದ್ದುದು. ಚಾಪೆಯ ಮೇಲಿನಿಂದ ಸಿಂಚನಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಲೋಟ ಬರಿದಾಗುವವರೆಗೂ ಕುಡಿದರು.

"ಉಪ್ಪು ಜಾಸ್ತಿಯಾಯ್ತು ಕಣೆ."

"ನಮ್ಮನೇಲಿ ಹಿಂಗೇ ಅಮ್ಮಾರೆ," ಎಂದು ನಕ್ಕ ರೇಣುಕ, ಹೆಪ್ಪಿಗೆ ಬಟ್ಟಲು ಒಡ್ಡಿದಳು.