ಹೆಬ್ಬೆರಳಿನಷ್ಟು ಜಾಗ

ಗಾಳದ ಕೋಲಿಗೆ ದಾರ ಹಾಯುವ ಉಂಗುರಗಳನ್ನು ಕೂರಿಸಿ ನೂಲು ಸುತ್ತುವಾಗ ಆ ನೂಲನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು, ಜಗತ್ತಿನ ಉಳಿದೆಲ್ಲ ಪ್ರಶ್ನೆಗಳನ್ನು ಬದಿಗೆ ಸರಿಸಿ ಮೊದಲು ತೀರ್ಮಾನಿಸಬೇಕಾದ ಸಂಗತಿ. ಅಮೆರಿಕದ ದೊಡ್ಡ ಸರೋವರವೊಂದರ ದಂಡೆಯ ಎಸ್ಕನಾಬಾ ಊರಿನಲ್ಲಿ ಈ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಒಂದು ನಿಶ್ಚಿತಾರ್ಥ ಮುರಿದದ್ದೂ ಉಂಟು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಊರಿನವರು ನೆನಪಿಟ್ಟುಕೊಂಡಿರುವುದು ಇದೊಂದನ್ನೇ.

ಕೊಲ್ಲಿಯ ನೀರು ಕಲ್ಲಾಗಿದ್ದ ಜನವರಿಯ ಒಂದು ಮಧ್ಯಾಹ್ನ, ಇದೇ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡು ರೆಮಿ ಲಾವಲೀ ಮಾರ್ನಿ ಕಾಂಗಾಸ್‌ಳ ಅಂಗಡಿಯ ಬಾಗಿಲು ತಳ್ಳಿದ.

ಮಾರ್ನಿ ದೋಣಿಗಳಿಗೆ ಕ್ಯಾನ್ವಾಸ್ ಹೊದಿಕೆ ಹೊಲಿಯುವವಳು. ಕೆಟ್ಟ ಹೊಲಿಗೆ ಯಂತ್ರಗಳನ್ನೂ ರಿಪೇರಿ ಮಾಡುತ್ತಿದ್ದಳು. ರೆಮಿ ಶಾಲೆಯ ಬಸ್ಸು ಓಡಿಸುವವನು. ಬಸ್ಸು ನಿಲ್ಲಿಸಿದ ಮೇಲೆ ಉಳಿದ ಹೊತ್ತೆಲ್ಲ ಗಾಳದ ಕೋಲು ಕಟ್ಟುತ್ತಿದ್ದ.

"ಕಿಟಕಿಯಲ್ಲಿರೋ ಆ ಕಪ್ಪು ಮಷೀನು..." ಎಂದ, ಟೋಪಿಯ ಹಿಮ ಕೊಡವುತ್ತ. "ಅದರ ಬಿಲ್ಲೆ ಬೇಕಿತ್ತು."

"ಮಷೀನು ಬೇಕಾ?"

"ಬೇಡ. ಬಿಲ್ಲೆ ಮಾತ್ರ. ದಾರ ಬಿಗಿ ಹಿಡಿಯೋ ಆ ಎರಡು ಬಿಲ್ಲೆ, ಮತ್ತೆ ಸ್ಪ್ರಿಂಗು."

ಮಾರ್ನಿ ಕತ್ತರಿ ಕೆಳಗಿಟ್ಟಳು. "ಅದು ನಮ್ಮಜ್ಜಿ ಮಷೀನು. ನಿಮ್ಮಜ್ಜಿ ಹಲ್ಲು ಕಿತ್ತುಕೊಡಿ ಅಂತ ನಾನು ಬಂದು ಕೇಳ್ತೀನಾ?"

"ಕೇಳಿ ನೋಡಿ. ಹೇಗೂ ಲೋಟದಲ್ಲೇ ಇರತ್ತೆ."

ಒಲೆಯ ಪಕ್ಕ ಕೂತಿದ್ದ ಹಿಲ್ಯಾ ಅತ್ತೆಗೆ ಕಾಫಿ ನೆತ್ತಿಗೇರಿತು. ಸೋದರ ಸೊಸೆಯ ಅಂಗಡಿಯಲ್ಲಿ ದಿನವಿಡೀ ಕೂತು ಬಂದುಹೋಗುವವರನ್ನು ತೂಗಿ ನೋಡುವುದು ಆಕೆಯ ಉದ್ಯೋಗ. ಇವನನ್ನು ತೂಗಲು ಅಷ್ಟೇ ಸಾಕಾಯಿತು.

ಮಾರ್ನಿಗೆ ಮಾತ್ರ ಮೈಯೆಲ್ಲ ಉರಿಯಿತು. ಬಾಗಿಲು ತೋರಿಸಬೇಕು ಎನ್ನುವಷ್ಟರಲ್ಲಿ ಅವನು ಕಂಕುಳಲ್ಲಿದ್ದ ಬಟ್ಟೆಯ ಚೀಲದಿಂದ ಒಂದು ಕೋಲು ಹೊರತೆಗೆದ...

ಅವಳು ಮುಂದಕ್ಕೆ ಬಾಗಿದಳು.

ಹಿಡಿಕೆಯ ಮೇಲ್ಗಡೆ ನೀಲಿ, ಹಸಿರು, ಬೆಳ್ಳಿಯ ನೂಲು ಒಂದರ ಪಕ್ಕ ಒಂದು ಕೂತಿತ್ತು. ಎಳೆಗಳು ಒಂದರ ಮೇಲೊಂದು ಹಾಯ್ದ ಕಡೆ, ಗಾಜಿನಂಥ ಲೇಪದ ಆಳದಲ್ಲಿ ವಜ್ರದಾಕಾರಗಳು ಅರಳಿದ್ದವು. ಕೋಲು ಸ್ವಲ್ಪ ತಿರುಗಿದರೆ ಸಾಕು, ಬಣ್ಣ ಮೀನಿನ ಮೈಯಂತೆ ಸರಕ್ಕನೆ ಹೊರಳುತ್ತಿತ್ತು. ಮಾರ್ನಿ ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದವಳು. ಅವಳಿಗೆ ಗೊತ್ತಿದ್ದ ನೂಲು ಬಟ್ಟೆಯೊಳಗೆ ಅಡಗಿ ದುಡಿಯುವಂಥದ್ದು. ನೂಲಿಗೆ ಇಂಥದೊಂದು ಬದುಕೂ ಇದೆಯೇ!

"ಇದನ್ನ ಯಾವ ಮಷೀನಲ್ಲಿ ಮಾಡಿದ್ರಿ?"

ಅವನ ಕಿವಿ ಕೆಂಪಾಯಿತು. "ಬೂಟಿನ ಡಬ್ಬಿಯಲ್ಲಿ. ಎರಡೂ ಕಡೆ ಕತ್ತರಿಸಿ ಕೋಲು ಮಲಗಿಸ್ತೀನಿ. ನೂಲಿನ ಉಂಡೆ ಲೋಟದಲ್ಲಿ. ದಾರಾನ ಅಡುಗೆ ಪುಸ್ತಕದ ಮಧ್ಯೆ ಹಾಯಿಸಿ ಮೇಲೆ ಕಬ್ಬಿಣದ ಬಾಣಲೆ ಇಡ್ತೀನಿ. ಮೀನಿನ ಸೂಪಿನ ಪುಟದಲ್ಲಿಟ್ರೆ ಬಿಗಿ ಚೆನ್ನಾಗಿ ಬರತ್ತೆ."

"ದೇವರೇ! ಲೇಪ ಒಣಗೋವಾಗ?"

"ಇಳಿದುಹೋಗ್ಬಾರ್ದಲ್ಲ, ಕೈಯಲ್ಲೇ ತಿರುಗಿಸ್ತಾ ಕೂರ್ತೀನಿ. ಊಟ ಎಡಗೈಲಿ."

ಇಷ್ಟು ಚೆಂದದ್ದನ್ನು ಇಷ್ಟು ಕೆಟ್ಟ ಸಲಕರಣೆಯಲ್ಲಿ ಮಾಡುವವನ ಮೇಲೆ ಕೋಪ ಮಾಡಿಕೊಳ್ಳಬೇಕೋ ಕೈ ಮುಗಿಯಬೇಕೋ ತಿಳಿಯದೆ ಅವಳು ಕೋಲಿನತ್ತ ಬೆರಳು ಚಾಚಿದಳು. ತುದಿಯ ಕಡೆ ಇನ್ನೂ ಲೇಪ ಕಾಣದ ಸುತ್ತೊಂದಿತ್ತು. ಅದರ ಎಳೆಯೊಂದು ಅವಳ ಬೆರಳಿನ ಒರಟಿಗೆ ಸಿಕ್ಕಿ ಮೇಲೆದ್ದಿತು.

"ಸ್ವಲ್ಪ ಇರಿ..." ಅವನು ಅವಳ ಬೆರಳು ಹಿಡಿದು ಎಳೆಯನ್ನು ಮೆಲ್ಲಗೆ ಬಿಡಿಸಿದ. "ನಿಮ್ಮ ಕೈ ಒರಟು."

ಅವನಿಗೆ ಅದು ನೂಲಿನ ವಿಷಯ. ಅವಳಿಗೆ ಹಾಗನ್ನಿಸಲಿಲ್ಲ.

"ಕ್ಯಾನ್ವಾಸ್ ಹೊಲಿಯೋ ಕೈ! ಬೆಣ್ಣೆ ಹಾಗಿರತ್ತಾ?" ಎಂದಳು. ಎದೆ ಮಾತ್ರ ಯಾರೋ ಪೆಡಲ್ ಒತ್ತಿದ ಹಾಗೆ ಓಡುತ್ತಿತ್ತು.

ಆ ಸಂಜೆ ಅವಳು ಎರಡು ಕೆಲಸ ಮಾಡಿದಳು. ಅಜ್ಜಿಯ ಯಂತ್ರದಿಂದ ಬಿಲ್ಲೆ, ಮೋಟಾರು, ಪೆಡಲ್ ಬಿಚ್ಚಿದಳು. ಔಷಧದ ಅಂಗಡಿಗೆ ಹೋಗಿ ಕೈಗೆ ಹಚ್ಚುವ ಕ್ರೀಮು ತಂದಳು. ಎರಡಕ್ಕೂ ಸಂಬಂಧವಿಲ್ಲವೆಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು.

ಮುಂದಿನ ಶನಿವಾರಗಳೆಲ್ಲ ರೆಮಿಯ ಗ್ಯಾರೇಜಿನಲ್ಲಿ, ನೂಲು ಸುತ್ತುವ ಯಂತ್ರ ಕಟ್ಟುವುದರಲ್ಲಿ ಕಳೆದವು. ಹಳೆಯ ಮಂಚದ ಕಬ್ಬಿಣದ ಪಟ್ಟಿ ಯಂತ್ರಕ್ಕೆ ಬೆನ್ನೆಲುಬಾಯಿತು. ಅದರ ಮೇಲೆ ಜಾರುವ ಮರದ ಕಾಲುಗಳಿಗೆ ಸ್ಕೇಟಿನ ಗಾಲಿ ಜೋಡಿಸಿದರು. ಕೋಲು ಆ ಗಾಲಿಗಳ ಮೇಲೆ ಮಲಗಿ ಸುಖವಾಗಿ ಉರುಳುವಂತಾಯಿತು. ಕೋಲಿನ ಬುಡ ಹಿಡಿಯಲು ನಲ್ಲಿ ಪೈಪಿನ ಮುಚ್ಚಳ, ಅದಕ್ಕೆ ಸುತ್ತ ಮೂರು ತಿರುಪು. ಲೇಪ ಒಣಗಿಸಲು, ಇಡೀ ಕೋಳಿಯನ್ನು ತಿರುಗಿಸಿ ಸುಡುವ ಒಲೆಯೊಂದರಿಂದ ಕಿತ್ತ ನಿಧಾನದ ಮೋಟಾರು.

"ಕೋಳಿ ವಾಸನೆ ಬರ್ತಿದೆ," ಎಂದಳು ಮಾರ್ನಿ.

"ಮೀನಿಗೆ ಇಷ್ಟವಾಗ್ಬಹುದು."

ಯಂತ್ರ ಮೊದಲ ಬಾರಿ ಓಡಿದ ದಿನ ಪೆಡಲ್ ಅವಳ ಕಾಲಡಿ ಇತ್ತು. ಬಿಲ್ಲೆಗಳ ನಡುವಿನಿಂದ ಹೊರಟ ನೂಲು ಕೋಲನ್ನು ತಬ್ಬಿ, ತನ್ನ ಹಿಂದಿನ ಸುತ್ತಿಗೆ ಒರಗಿ, ಒಂದು ಕೂದಲೆಳೆಯ ಸಂದೂ ಬಿಡದೆ ಕೂರತೊಡಗಿತು.

"ನಿಲ್ಲಿಸು, ನಿಲ್ಲಿಸು! ...ಹಾಂ, ಈಗ ಬಿಡು!" ಎಂದು ಕೂಗಿದವನಿಗೆ ತಾನು 'ನೀವು' ಬಿಟ್ಟದ್ದು ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

ಆಮೇಲೆ ಅವನು ಲೇಪದ ಅಂಟಾದ ಎಪಾಕ್ಸಿಯ ಎರಡು ಭಾಗ ಕಲಸಿ ಕುಂಚದಿಂದ ಮುಟ್ಟಿಸಿದ. ಮಂಕಾಗಿದ್ದ ನೂಲು ಒಳಗಿನಿಂದ ಯಾರೋ ದೀಪ ಹಚ್ಚಿದಂತೆ ಹೊತ್ತಿಕೊಂಡಿತು! ಕೋಳಿಯ ಮೋಟಾರು ತಿರುಗುತ್ತಿತ್ತು. ಕಿಟಕಿಯ ಬಿಸಿಲು ತೆಳ್ಳಗಿನ ಗೆರೆಯಾಗಿ ಆ ಹಸಿ ಲೇಪದ ಮೇಲೆ ನಿಂತಿತ್ತು. ಕೋಲು ತಿರುಗಿದರೂ ಬೆಳಕು ಕದಲಲಿಲ್ಲ. ಚರ್ಚಿನಲ್ಲೂ ಮಾರ್ನಿ ಇಷ್ಟು ಹೊತ್ತು ಸುಮ್ಮನೆ ಕೂತವಳಲ್ಲ.

*ಇವನು ಇದನ್ನು ದಿನಾ ನೋಡ್ತಾನಾ?* ಎಂದುಕೊಂಡಳು. *ನೋಡಿಯೂ ಬಸ್ಸು ಓಡಿಸ್ತಾನಾ?*

ಮೊದಲ ಕೆಲವು ಕೋಲುಗಳು ಕನ್ನಡಿಯಂತೆ ಬಂದವು. ಆಗಲೇ ಊರಿನವರು ರೆಮಿಗೆ ದೊಡ್ಡದೊಂದನ್ನು ವಹಿಸಿದರು. ಈಸ್ಟರ್ ಮುಗಿಸಿ ಬೇರೆ ಊರಿಗೆ ವರ್ಗವಾಗುವ ಫಾದರ್ ಒಡಿಲೋನ್‌ಗೆ ಬೀಳ್ಕೊಡುಗೆಯ ಕೋಲು. ಬಿಳಿ, ಬಂಗಾರದ ನೂಲಿನಲ್ಲಿ ಹಿಡಿಕೆಯಿಂದ ಮೇಲಕ್ಕೆ ಶಿಲುಬೆಗಳ ಸಾಲು. ಇಷ್ಟು ಹೊತ್ತಿಗೆ ಮಾರ್ನಿಯ ಕೈ ನುಣುಪಾಗಿತ್ತು, ಎಳೆ ಏಳುತ್ತಿರಲಿಲ್ಲ. ಸುತ್ತು ಮುಗಿದಂತೆಲ್ಲ ಹೆಬ್ಬೆರಳಿನಿಂದ ತಿಕ್ಕಿ ಸಮ ಮಾಡುವ, ಅದುವರೆಗೆ ರೆಮಿಯದಾಗಿದ್ದ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಳು, ಒಳಗೊಳಗೇ ಹೆಮ್ಮೆಯಿಂದ.

ಲೇಪ ಹಚ್ಚಿದರು. ಸ್ವಲ್ಪ ಹೊತ್ತಿಗೆ ಅದರ ಮೇಲೆ ಸೂಜಿಮೊನೆಯಂಥ ಕುಳಿಗಳು ಬಾಯಿ ತೆರೆದವು. ಎಪಾಕ್ಸಿ ಅಲ್ಲಲ್ಲಿ ನೂಲನ್ನು ಒಲ್ಲೆನೆಂದು ದೂರ ಸರಿದಿತ್ತು. ಕಾಯಿಸಿ, ಕೆರೆದು, ಬಿಚ್ಚಿ ಮತ್ತೆ ಸುತ್ತಿದರು. ಮತ್ತೆ ಕುಳಿ. ಇನ್ನೊಮ್ಮೆ ಬಿಚ್ಚಿದರು. ಇನ್ನೊಮ್ಮೆಯೂ!

ರೆಮಿ ಯಂತ್ರದ ಗಾಲಿಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡಿದ. ಕೊನೆಗೆ ಕೇಳಿದ, "ಗಾಲಿಗೆ ಎಣ್ಣೆಗಿಣ್ಣೆ ಏನಾದ್ರೂ ಹಾಕಿದ್ಯಾ?"

"ನಾನಾ? ಎಣ್ಣೆ ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬಾರ್ದು ಅಂತ ನನಗೆ ಗೊತ್ತಿಲ್ವಾ?"

"ಕೇಳಿದೆ ಅಷ್ಟೆ..."

"ಕೇಳಿದ್ದಲ್ಲ, ಹೇಳಿದ್ದು!"

ಅವನು ಅವಳ ಮುಖ ನೋಡಲಿಲ್ಲ. "ಈ ಕೋಲು ನಾನೊಬ್ಬನೇ ಮಾಡ್ತೀನಿ ಬಿಡು, ಮಾರ್ನಿ."

ನಾನೊಬ್ಬನೇ! ಎಣ್ಣೆಯ ಮಾತನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಇದು ಗಂಟಲಲ್ಲೇ ನಿಂತಿತು. ಸ್ಕ್ರೂ ಡ್ರೈವರ್ ತೆಗೆದುಕೊಂಡು ಯಂತ್ರವನ್ನು ಮೇಜಿನಿಂದ ಬಿಚ್ಚಿದಳು. ವ್ಯಾನಿಗೆ ಹೊರುವಾಗ ಅವನು ಇನ್ನೊಂದು ತುದಿ ಹಿಡಿದುಕೊಂಡ. ಅದು ಇನ್ನಷ್ಟು ನೋಯಿಸಿತು.

ವಾರ ಕಳೆಯುವಷ್ಟರಲ್ಲಿ ಹಿಲ್ಯಾ ಅತ್ತೆ ಸುದ್ದಿ ತಂದಳು. "ನಿನ್ನ ಬಸ್ಸಿನವನು ಮತ್ತೆ ಬೂಟಿನ ಡಬ್ಬಿ ಇಳಿಸಿದಾನಂತೆ ಕಣೇ."

"ನನ್ನ ಬಸ್ಸಿನವನಲ್ಲ. ಕುಳಿ ಬಿತ್ತಂತಾ?"

"ಒಂದೂ ಇಲ್ವಂತೆ. ಶಿಲುಬೆ ಮಾತ್ರ ಸೊಟ್ಟ. ಕುಡಿದ ಕ್ರೈಸ್ತರ ಮೆರವಣಿಗೆ ಹಾಗಿದೆ ಅಂದ್ರು ನೋಡಿದೋರು."

ಮಾರ್ನಿಗೆ ನಗು ಬರಲಿಲ್ಲ. ಅವಳ ಯಂತ್ರವಿಲ್ಲದಿದ್ದರೆ ಕುಳಿಯಿಲ್ಲ. ಹಾಗಾದರೆ ತಪ್ಪು ಯಂತ್ರದ್ದೇ! ಅದರ ಪ್ರತಿಯೊಂದು ತಿರುಪನ್ನೂ ಬಿಚ್ಚಿ, ಸ್ಪಿರಿಟ್ಟಿನಲ್ಲಿ ತೊಳೆದು ಜೋಡಿಸಿದಳು. ತುಂಡು ಕೋಲೊಂದಕ್ಕೆ ತಾನೇ ನೂಲು ಸುತ್ತಿ, ತಿಕ್ಕಿ, ಲೇಪ ಹಚ್ಚಿದಳು. ಕುಳಿಗಳು ನಗುತ್ತ ಬಂದವು. ಅಜ್ಜಿಯ ಬಿಲ್ಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಸಣ್ಣ ಹುಡುಗಿಯ ಹಾಗೆ ಅತ್ತಳು. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು?

ಏಪ್ರಿಲ್ಲಿನಲ್ಲಿ ಕೊಲ್ಲಿಯ ಮಂಜುಗಡ್ಡೆ ಗುಡುಗಿನಂತೆ ಸದ್ದು ಮಾಡಿ ಬಿರಿಯತೊಡಗಿತು. ದೋಣಿಯವರೆಲ್ಲ ಒಟ್ಟಿಗೇ ಎಚ್ಚರಗೊಂಡರು. ಮಾರ್ನಿ ಒಂದು ಹೊದಿಕೆಯ ಪ್ಲಾಸ್ಟಿಕ್ ಕಿಟಕಿಯ ಮೇಲೆ ದೋಣಿಯ ಹೆಸರು ಬರೆಯುತ್ತಿದ್ದಳು. ಜಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದಿದ್ದ ಜಾಗದ ಮೇಲೆ ಕುಂಚ ಬಂದಿತು. ಬಣ್ಣ ಹಿಂದೆ ಸರಿಯಿತು. ಸಣ್ಣ ಸಣ್ಣ ದುಂಡು ಕುಳಿಗಳು... ಒಂದರ ಪಕ್ಕ ಒಂದು...

ಎಲ್ಲ ಸೇರಿ ಸರಿಯಾಗಿ ಅವಳ ಹೆಬ್ಬೆರಳಿನಷ್ಟು ಜಾಗ!

ಅವಳು ಹೆಬ್ಬೆರಳು ನೋಡಿಕೊಂಡಳು. ಮೂಸಿದಳು. ಕ್ರೀಮಿನ ಟ್ಯೂಬು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದಳು. ಸಿಲಿಕೋನ್. ಸಿಲಿಕೋನ್ ಮುಟ್ಟಿದ ಕಡೆ ಎಪಾಕ್ಸಿ ನಿಲ್ಲುವುದಿಲ್ಲ. ಊರಿನಲ್ಲಿ ಕೋಲು ಕಟ್ಟುವ ಗಂಡಸರಿಗೆಲ್ಲ ಅದು ಗೊತ್ತು. ಆದರೆ ಅವರಲ್ಲಿ ಒಬ್ಬನೂ ಕೈಗೆ ಕ್ರೀಮು ಹಚ್ಚಿದವನಲ್ಲ.

"ಅತ್ತೆ... ಮಷೀನಲ್ಲ. ನಾನು."

ಹಿಲ್ಯಾ ಟ್ಯೂಬನ್ನೂ ಹುಡುಗಿಯನ್ನೂ ನೋಡಿದಳು. "ಸರಿ, ಹೋಗಿ ಹೇಳು."

"ಹೇಗೆ ಹೇಳ್ಲಿ? ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಹಚ್ಚಿದೆ ಅಂತ ಕೇಳ್ತಾನೆ!"

"ಕೇಳದಿದ್ರೆ ಅವನು ದಡ್ಡ. ದಡ್ಡ ಅಂತ ಗೊತ್ತಾದ್ರೆ ವಾಪಸ್ ಬಾ, ಹಬೆಸ್ನಾನಕ್ಕೆ ಸೌನಾ ಬಿಸಿ ಮಾಡಿರ್ತೀನಿ."

ಯಂತ್ರದ ಮಾನ ಉಳಿಸಲು ತನ್ನ ಮಾನ ಕೊಡಬೇಕು. ಯಂತ್ರವನ್ನು ಹೇರಿಕೊಂಡು ವ್ಯಾನು ಓಡಿಸುವ ದಾರಿಯುದ್ದಕ್ಕೂ ಅವಳು ಯೋಚಿಸಿದಳು, ತಿರುಗಿ ಹೋಗಲೇ? ಗ್ಯಾರೇಜಿನ ಮುಂದೆ ಇಳಿದಾಗಲೂ ಅದನ್ನೇ ಯೋಚಿಸುತ್ತಿದ್ದಳು.

ರೆಮಿ ಮೇಜಿನ ಮುಂದೆ ಕೂತಿದ್ದ. ಶಿಲುಬೆಗಳನ್ನೆಲ್ಲ ಬಿಚ್ಚಿ ಹಾಕಿದ್ದ. ಬರಿಯ ಕೋಲು.

"ಮಷೀನಿನ ತಪ್ಪಲ್ಲ," ಎಂದಳು ಒಂದೇ ಉಸಿರಿಗೆ. ಟ್ಯೂಬನ್ನು ಮೇಜಿನ ಮೇಲಿಟ್ಟಳು. "ಇದು. ಕೈಗೆ ಹಚ್ಕೊಂಡು ನೂಲು ತಿಕ್ಕಿದೆ. ಸಿಲಿಕೋನ್ ಇದೆ."

ಅವನು ಓದಿದ. ಮತ್ತೊಮ್ಮೆ ಓದಿದ. "ನೀನು ಕ್ರೀಮ್ ಯಾಕೆ..."

"ನನ್ನ ಕೈ ಒರಟು ಅಂದೆಯಲ್ಲ!" ಅವಳು ಎರಡೂ ಅಂಗೈ ಮುಂದೆ ಹಿಡಿದಳು. "ನೀನು ಮತ್ತೆ ಯಾವತ್ತಾದ್ರೂ ಹಿಡ್ಕೊಂಡ್ರೆ... ಒರಟಾಗಿರ್ಬಾರ್ದು ಅಂತ. ಆಯ್ತಾ? ಈಗ ನಗು."

ಅವನು ನಗಲಿಲ್ಲ. ಬಸ್ಸಿನ ಬ್ರೇಕು ತಪ್ಪಿದವನ ಮುಖವಾಗಿತ್ತು.

"ನಾನು ತಪ್ಪು ನಂದೇ ಅಂದ್ಕೊಂಡಿದ್ದೆ," ಎಂದ. "ಎಪಾಕ್ಸಿಯ ಎರಡು ಭಾಗ ಸರಿಸಮ ಇರ್ಬೇಕು. ನೀನು ಪಕ್ಕದಲ್ಲಿ ಕೂತ್ರೆ ನಾನು ಅಳತೆ ಎಲ್ಲಿ ನೋಡ್ತೀನಿ, ಮಾರ್ನಿ? ನಿನ್ನನ್ನೇ ನೋಡ್ತಿರ್ತೀನಿ. ಅದಕ್ಕೇ ಒಬ್ಬನೇ ಮಾಡ್ತೀನಿ ಅಂದೆ. ಒಬ್ಬನೇ ಮಾಡಿದಾಗ ಕುಳಿ ಬೀಳಲಿಲ್ಲ ನೋಡು... ನನ್ನ ಕಥೆ ಮುಗೀತು ಅಂದ್ಕೊಂಡೆ. ಒಂದೋ ನೀನು, ಇಲ್ಲಾ ಕೋಲು ಅಂತ."

"ಅದಕ್ಕೆ ಕೋಲು ಆರಿಸ್ಕೊಂಡ್ಯಾ?"

"ಇಲ್ಲ. ನಿನ್ನೆ ಒಪ್ಕೊಂಡ ಕೆಲಸ ಬಿಟ್ಟುಕೊಡೋಕೆ ಫಾದರ್ ಹತ್ರ ಹೋಗಿದ್ದೆ. ಕೋಲು ನನ್ನ ಕೈಲಾಗಲ್ಲ, ಬೇರೆಯವರಿಗೆ ಹೇಳಿ ಅಂತ. ಬೂಟಿನ ಡಬ್ಬಿ ಒಲೆಗೆ ಹಾಕಿಯಾಯ್ತು."

ಮಾರ್ನಿ ಮೇಜಿನ ಮೇಲಿನ ಬರಿಯ ಕೋಲನ್ನು ಕೈಗೆತ್ತಿಕೊಂಡಳು. "ಫಾದರ್ ಏನಂದ್ರು?"

"ಮೊದಲು ಅವಳ ಹತ್ರ ಹೋಗಿ ಮಾತಾಡು, ಕತ್ತೆ ಅಂದ್ರು."

ಅವಳು ಅಳುತ್ತಳುತ್ತಲೇ ನಕ್ಕಳು. ಇಬ್ಬರೂ ಸೇರಿ ವ್ಯಾನಿನಿಂದ ಯಂತ್ರ ಇಳಿಸಿದರು. ಅವಳು ಸ್ಪಿರಿಟ್ಟಿನಲ್ಲಿ ಕೈ ತೊಳೆದಳು. ಚರ್ಮ ಬಿರಿದು ಒಣಗಿತು.

"ಈಗ ಎಳೆ ಏಳತ್ತೆ," ಎಂದಳು ಅಂಜುತ್ತ.

ಅವನು ಆ ಕೈಯನ್ನು ತನ್ನೆರಡು ಕೈಗಳಲ್ಲಿ ತೆಗೆದುಕೊಂಡ. "ನೂಲನ್ನ ಚಮಚದ ಹಿಂಬದಿಯಿಂದ ತಿಕ್ಕು. ಇದು ನನಗಿರಲಿ."

ಮರುದಿನ ಸಂಜೆಗೆ ಸುತ್ತು ಮುಗಿದು ಲೇಪ ಬಿದ್ದಿತು. ಎಪಾಕ್ಸಿ ಅಳೆದವಳು ಅವಳು. ಬಂಗಾರದ ಶಿಲುಬೆಗಳು ಒಂದೊಂದಾಗಿ, ಒಂದೂ ಕುಳಿಯಿಲ್ಲದೆ, ಒಳಗಿನಿಂದ ಹೊತ್ತಿಕೊಂಡವು. ಕೋಲು ತಿರುಗುತ್ತಿತ್ತು. ಅದರ ಮೇಲಿನ ಬೆಳಕು ಮಾತ್ರ ಸರೋವರದ ಅಂಚಿನ ಸೂರ್ಯನಂತೆ ನಿಂತಲ್ಲೇ ನಿಂತಿತ್ತು.

"ರೆಮಿ, ಇದನ್ನ ನೋಡಿ ನೋಡಿ ನಿನಗೆ ಅಭ್ಯಾಸ ಆಗಿಬಿಟ್ಟಿದ್ಯಾ?"

"ಇಲ್ಲ."

"ಯಾವತ್ತೂ ಆಗಲ್ವಾ?"

"ನೀನು ಹೋಗ್ಬೇಡ. ಇಬ್ರೂ ನೋಡೋಣ, ಆಗತ್ತಾ ಅಂತ."

ಸೆಪ್ಟೆಂಬರಿನಲ್ಲಿ ಅವರ ಮದುವೆಯಾಯಿತು.