ರಂಜನಾ ಮೇಡಂ ಬಿಟ್ಟ ಕಂಪನಿ

"ಉಪ್ಪಿನಕಾಯಿ ಮಾರಾವ್ರಿಗೆ ಹುಡುಗರನ್ನ ಕೊಟ್ರಿ. ಆನ್‌ಲೈನ್‌ನ್ಯಾಗ ಸೀರಿ ಮಾರಾವ್ರಿಗೂ ಕೊಟ್ರಿ. ನನ್ನ ಕುರಿ ಏನ್ ಪಾಪ ಮಾಡ್ಯಾವ್ರಿ?"

"ದನಿ ಇಳಸ್ರಿ ದುಂಡೇಶ ಅವ್ರ. ಇದು ಕಾಲೇಜು, ಕುರಿ ಸಂತಿ ಅಲ್ಲ."

"ಸಂತ್ಯಾಗಾದ್ರ ಯಾಕ ಬ್ಯಾಡ ಅಂತಾದ್ರೂ ಹೇಳ್ತಾರ!"

ಜಮಖಂಡಿಯ ಆ ಕಾಲೇಜಿನಲ್ಲಿ ಎಂಬಿಎ ಹುಡುಗರು ತಂಡ ಕಟ್ಟಿಕೊಂಡು ಪ್ರತಿ ವರ್ಷ ಒಂದೊಂದು ಸ್ಟಾರ್ಟಪ್ ಕಂಪನಿಗೆ ಹೋಗಿ ಪ್ರಾಜೆಕ್ಟ್ ಮಾಡಬೇಕು. ಯಾವ ಕಂಪನಿ ಯೋಗ್ಯ ಎಂದು ಆರಿಸುವವಳು, ಕೊನೆಗೆ ಮಾರ್ಕ್ಸ್ ಹಾಕುವವಳು ಎಲ್ಲ ತನ್ನ ಕೋಣೆಯಲ್ಲಿ ನನ್ನೆದುರು ಕೂತ ಈ ರಂಜನಾನೇ.

ನನ್ನದು ಚಿಮ್ಮಡದ ಕಂಪನಿ. ಹೊಲಕ್ಕೆ ಗೊಬ್ಬರ ಬೇಕಾದ ರೈತ ಫೋನ್ ಮಾಡಿದರೆ ಕುರಿಗಾರರ ಹಿಂಡು ಕಳಿಸಿ ಅವನ ಹೊಲದಲ್ಲಿ ರಾತ್ರಿ ತಂಗಿಸುತ್ತೇನೆ. ಅಜ್ಜ ಬಾಯಿಮಾತಿನಲ್ಲಿ ಮಾಡಿದ್ದನ್ನು ನಾನು ಮೊಬೈಲಿಗೆ ತಂದೆ, ಅಷ್ಟೇ. ಆದರೆ ಲೋಕಾಪುರ, ಮುಧೋಳ ಎರಡೂ ಕಡೆಯಿಂದ ಒಟ್ಟಿಗೆ ಕರೆ ಬಂದರೆ ತಲೆ ಕೆಡುತ್ತದೆ. ಹೋದ ತಿಂಗಳು ಎರಡು ಹಿಂಡುಗಳನ್ನು ಒಂದೇ ಹೊಲಕ್ಕೆ ಕಳಿಸಿಬಿಟ್ಟೆ. ಟಗರುಗಳು ಗುದ್ದಾಡಿದವು, ಅವುಗಳ ಮಾಲಕರೂ ಗುದ್ದಾಡಿದರು. ಈ ಬೇಸಿಗೆಯೂ ಹೀಗೇ ಆದರೆ ಕುರಿಗಾರರು ನನ್ನನ್ನು ಬಿಟ್ಟು ಹೋಗುವುದು ಖಾತ್ರಿ. ಹಿಂಡುಗಳಿಗೆ ಸರಿಯಾದ ದಾರಿ ಹಚ್ಚಿಕೊಡಲು ಓದಿದ ಹುಡುಗರು ಬೇಕೇ ಬೇಕಿತ್ತು.

ಕಂಪನಿ ನೋಡಲು ಆಕೆಯೇ ಹೊಲಕ್ಕೆ ಬಂದಿದ್ದಳು. ಹಿಕ್ಕೆಯ ನಡುವೆ ಸೀರೆ ಎತ್ತಿ ಹಿಡಿದು ನಡೆಯುತ್ತ ನನ್ನನ್ನು ಬೈದದ್ದೇ ಬೈದದ್ದು. ಒಂದು ಮರಿ ಅವಳ ಸೆರಗು ಜಗಿಯತೊಡಗಿತು. ಬಿಡಿಸಿಕೊಳ್ಳದೆ, ಓರೆಗಣ್ಣಿನಲ್ಲಿ ನನ್ನನ್ನು ನೋಡಿ ನಕ್ಕಳು. ಆ ನಗು ನನ್ನ ನಿದ್ದೆ ತಿಂದಿತ್ತು. ಹಾಗೆ ನಕ್ಕವಳೇ ಈಗ ಒಲ್ಲೆ ಅಂದರೆ ಸಿಟ್ಟು ಬರದೆ ಇರುತ್ತದೆಯೇ?

"ನನ್ನ ಕಂಪನಿ ಯೋಗ್ಯ ಇಲ್ಲೇನ್ರಿ?"

"ಐತ್ರಿ. ಎಲ್ಲಾದ್ರಕಿಂತ ಛಲೋ ಐತಿ. ಹುಡುಗರು ನಿಮ್ಮದ ಬೇಕು ಅಂತ ಜಗಳಾಡಾಕತ್ತಾರ."

"ಮತ್ತೇನ್ ಧಾಡಿ?"

ಆಕೆ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. "ಇವತ್ತ ಮೀಟಿಂಗ್ ಐತಿ. ಪ್ರತಿ ಕಂಪನಿ ಹೆಸರು ಹೇಳಿ, ಇದರ ಮಾಲಕರಿಗೂ ನನಗೂ ಏನೂ ಸಂಬಂಧ ಇಲ್ಲ ಅಂತ ಎಲ್ಲಾರ ಮುಂದ ಹೇಳ್ಬೇಕು. ನಿಮ್ಮ ಹೆಸರು ಬಂದಾಗ ನಾ ಏನ್ ಹೇಳ್ಲಿ?"

"ಇಲ್ಲ ಅನ್ರಿ! ನಾ ಏನ್ ನಿಮ್ಮ ಮಾವನ ಮಗನೇನು?"

ಅವಳ ಕೆನ್ನೆ ಕೆಂಪಾಯಿತು. "ಕುರಿ ಮನಸ್ಸು ತಿಳೀತೈತಿ ನಿಮಗ, ಮನಷ್ಯಾರದು ತಿಳಿಯಂಗಿಲ್ಲ! ಪ್ಯೂನ್ ಹಣಮಪ್ಪಗ ಗೊತ್ತೈತಿ, ನಮ್ಮ ಅವ್ವಗ ಗೊತ್ತೈತಿ. ಪುಣ್ಯಾತ್ಮಾ, ನಿಮಗೊಬ್ಬರಿಗೆ ಗೊತ್ತಿಲ್ಲ!"

ಹೊಲದಲ್ಲಿ ನಕ್ಕ ಆ ನಗು ನನಗೆ ಈಗ ಅರ್ಥವಾಯಿತು.

"ತಂಡ ಬೇಕಂದ್ರ ಸಂಬಂಧ ಇಲ್ಲ ಅಂತೀನಿ," ಅಂದಳು, ಮೆಲ್ಲಗೆ. "ಆದ್ರ ನಾ ಸುಳ್ಳು ಹೇಳಾಕಿ ಅಲ್ಲ. ಇಲ್ಲ ಅಂದಮ್ಯಾಲ ಮುಂದ ಯಾವ ಸಂಬಂಧನೂ ಖರೇನ ಇರಂಗಿಲ್ಲ. ತಂಡ ಬೇಕೇನ್ರಿ?"

ಕಾರಿಡಾರಿನಲ್ಲಿ ಹುಡುಗರ ಗದ್ದಲ. ಎರಡು ಹೆಜ್ಜೆ ದೂರದಲ್ಲಿ ನನ್ನ ಬೇಸಿಗೆ ಉಳಿಸುವವರು ನಗುತ್ತ ನಿಂತಿದ್ದರು. ನನಗೋ ಬರೀ ಸಿಟ್ಟೇ ಬಂತು.

"ಮೊದಲ ಹೇಳಾಕ ಏನಾಗಿತ್ತರಿ? ಇಷ್ಟೊತ್ತು ಒದರಿಸಿದ್ರಲ್ಲ!"

"ನೀವು ಹೇಳ್ಬೇಕಿತ್ತು!"

"ನನಗ ಹೇಳಾಕ ಬರಂಗಿಲ್ಲ!"

"ಹಂಗಾದ್ರ?"

"ಹಂಗಾದ್ರ ನನ್ನ ಕಂಪನಿ ಕೈಬಿಡ್ರಿ. ಕುರಿ ದಾರಿ ನಾನ ಹುಡುಕ್ಕೋತೀನಿ."

ಆಕೆ ತುಟಿ ಕಚ್ಚಿ ಹಿಡಿದಳು. ಆದರೂ ನಗು ಕಣ್ಣಿನಲ್ಲಿ ನೀರಾಗಿ ಬಂದೇಬಿಟ್ಟಿತು. "ಹುಚ್ಚ" ಅಂದಳು, ಮೇಜಿಗೆ ಹೇಳುವಂತೆ.

ನಾನು ಎದ್ದೆ. "ನಿಮ್ಮ ಅವ್ವಾರು ಈಗ ಮನ್ಯಾಗ ಅದಾರೇನು?"

"ಬನಹಟ್ಟ್ಯಾಗ ಅದಾಳ. ಯಾಕ್ರಿ? ದುಂಡೇಶ ಅವ್ರ, ಚಾ ಹೇಳೀನಿ, ಕುಂದರ್ರಿ!"

ಕೂರಲಿಲ್ಲ. ನನ್ನ ಹಿಂದೆ ಬಾಗಿಲು ದಡ್ ಅಂತ ಬಡಿಯಿತು, ಸಿಟ್ಟಿಗಲ್ಲ, ಅವಸರಕ್ಕೆ. ಆ ಕೋಣೆಗೆ ನಾನು ಮತ್ತೆಂದೂ ಹೋಗಲಿಲ್ಲ; ಇನ್ನು ಕೇಳುವುದಿದ್ದುದು ಅವಳ ಅವ್ವನನ್ನು. ಬನಹಟ್ಟಿ ಬಸ್ಸು ಹೊರಡುತ್ತಿತ್ತು. ಓಡಿದೆ.