ಮಿಲಾ ಕೇಳಿದ ದೀಪ

'ಇವತ್ತು ಮಿಲಾಗೆ ಎಷ್ಟು ವರ್ಷ ಅಂತ ನನಗೇ ಮರೆತುಹೋಯಿತು. ಹಿಂದೆ ಐದು ಅಂದಿದ್ದೆನೋ, ಆರು ಅಂದಿದ್ದೆನೋ... ಇಲ್ಲದ ಮಗುವಿನ ವಯಸ್ಸು ನೆನಪಿಡೋದು ಎಷ್ಟು ಕಷ್ಟ!'

ಡೈರಿಯಲ್ಲಿ ಇಷ್ಟು ಬರೆದು ಝೋರ್ನಿತ್ಸಾ ಪೆನ್ನು ಕೆಳಗಿಟ್ಟಳು. ಆ ಡೈರಿ ಓದುವವರು ಯಾರೂ ಇರಲಿಲ್ಲ. ಆದರೂ ನಾಚಿಕೆ!

ಎಲ್ಲ ಶುರುವಾಗಿದ್ದು ಅಕ್ಟೋಬರಿನಲ್ಲಿ. ಡ್ಯಾನ್ಯೂಬ್ ದಂಡೆಯ ಆ ಪುಟ್ಟ ಊರಿಗೆ, ಔಷಧಿ ಅಂಗಡಿಯ ಕೆಲಸಕ್ಕೆ ಬಂದು ಆಗ ತಿಂಗಳಾಗಿತ್ತಷ್ಟೆ. ಗುರುತಿನವರಿಲ್ಲ. ಒಂದು ಸಂಜೆ ಊರಿನ ಓದುಮನೆಯ ಮಕ್ಕಳ ಕೋಣೆಯಲ್ಲಿ, ನೆಲಕ್ಕೆ ಮಂಡಿಯೂರಿ ಚಿತ್ರಪುಸ್ತಕವೊಂದನ್ನು ತೆರೆದಿದ್ದಳು.

'ಸೂರ್ಯ ಮಲಗಿದ, ಸೇಬೂ ಮಲಗಿತು,
ಒಲೆಯ ಬದಿಯಲಿ ಬೆಕ್ಕೂ ಮಲಗಿತು...'

ಎಲ್ಲರೂ ಮಲಗಿದರು ಅನ್ನುತ್ತಿತ್ತು ಪದ್ಯ. ಆದರೆ ಚಿತ್ರದ ಮೂಲೆಯಲ್ಲಿ, ಕಿಟಕಿಯ ಹತ್ತಿರ, ಒಂದು ಇಲಿಮರಿ ಕಣ್ಣು ಬಿಟ್ಟುಕೊಂಡು ಕೂತಿತ್ತು! ಪದ್ಯಕ್ಕೆ ಅದರ ಸುದ್ದಿಯೇ ಗೊತ್ತಿಲ್ಲ...

ಝೋರ್ನಿತ್ಸಾಳ ಕಣ್ಣು ತುಂಬಿತು. ನಾಲ್ಕು ವರ್ಷ ಸಾಹಿತ್ಯ ಓದಿ ಪದವಿ ಪಡೆದವಳು ಅವಳು. ಯಾವ ದಪ್ಪ ಪುಸ್ತಕವೂ ಅವಳಿಗೆ ಹೀಗೆ 'ನೀನು ಎದ್ದಿದ್ದೀಯ, ನನಗೆ ಕಾಣಿಸ್ತಿದೆ' ಅಂದಿರಲಿಲ್ಲ.

"ಯಾರಿಗೆ ಒಯ್ಯೋದು?"

ಬೆಚ್ಚಿ ತಿರುಗಿದಳು. ಬೆರಳಿಗೆಲ್ಲ ನೀಲಿ ಬಣ್ಣ ಮೆತ್ತಿಕೊಂಡ ಒಬ್ಬಾತ. ಮಕ್ಕಳ ಕೋಣೆ ನೋಡಿಕೊಳ್ಳುವ ಲ್ಯೂಬೆನ್. ಅವನ ನೋಟ ಅವಳ ಒದ್ದೆ ರೆಪ್ಪೆಯ ಮೇಲೆ ಬಂದು ನಿಂತುಬಿಟ್ಟಿತು.

'ನನಗೇ' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತೆಂಟರ ಹೆಣ್ಣು ಇಲಿಮರಿಗಾಗಿ ಅಳ್ತಾಳೆ ಅಂತ ಹೇಳೋದು ಹೇಗೆ?

"ಅಕ್ಕನ ಮಗಳಿಗೆ... ಮಿಲಾ ಅಂತ. ಅಕ್ಕ ಇಟಲಿಯಲ್ಲಿ ಮುದುಕರನ್ನ ನೋಡಿಕೊಳ್ಳೋ ಕೆಲಸದಲ್ಲಿದ್ದಾಳೆ. ಮಗು ನನ್ನ ಹತ್ತಿರ ಇದೆ."

ಊರಿನ ಅರ್ಧ ಮನೆಗಳ ಕಥೆ ಅದೇ. ಅವನು ನಂಬಿದ.

ಮುಂದಿನ ಗುರುವಾರ ಅವನ ಮೊದಲ ಮಾತೇ, "ಮಿಲಾ ಏನಂದಳು?"

"ಇಲಿಮರಿಗೆ ಯಾಕೆ ನಿದ್ದೆ ಬಂದಿಲ್ಲ ಅಂತ ಕೇಳಿದಳು."

"ಅಬ್ಬಾ! ದೊಡ್ಡವರು ಒಬ್ಬರೂ ಆ ಇಲೀನ ನೋಡಿಲ್ಲ ರೀ!"

ಅವನು ನಕ್ಕ. ಆ ನಗು ನೋಡಲೆಂದೇ ಅವಳು ಪ್ರತಿ ಗುರುವಾರ ಬಂದಳು.

ಓದುಮನೆಯ ಒಲೆಗೆ ಸೌದೆ ಹಾಕುವ ಪೆನ್ಕಾ ಚಿಕ್ಕಮ್ಮ ಸುಮ್ಮನಿರುವವಳಲ್ಲ. "ಆ ಮಗು ಸೂಪು ಬಿಟ್ಟು ಪುಸ್ತಕವನ್ನೇ ಕುಡಿಯುತ್ತೇನೇ? ಒಂದಿನ ಕರ್ಕೊಂಡು ಬಾ, ಕೆನ್ನೆ ಹಿಂಡಬೇಕು!"

"ಅವಳಿಗೆ ನೆಗಡಿ, ಚಿಕ್ಕಮ್ಮ..."

"ಅಕ್ಟೋಬರಿಂದ ಒಂದೇ ನೆಗಡಿ! ಔಷಧಿ ಅಂಗಡೀಲಿ ಕೂತು ಏನು ಮಾಡ್ತೀಯೇ ನೀನು?"

ಜನವರಿಯಲ್ಲಿ ಲ್ಯೂಬೆನ್ ತಾನೇ ಬರೆದ ಚಿತ್ರಗಳ ಕಟ್ಟು ತಂದ. ನದಿ ದಾಟಿಸುವ ಹಳೇ ದೋಣಿಯ ಕಥೆ. ಜನರೆಲ್ಲ ಊರು ಬಿಟ್ಟಿದ್ದಾರೆ. ಕೊನೇ ಪುಟದಲ್ಲಿ ಜೊಂಡಿನ ನಡುವೆ ದೋಣಿಯೊಂದೇ, ಸುತ್ತ ಕಪ್ಪು ನೀರು.

"ಪ್ರಕಾಶಕರು ಮೂರು ಸಲ ವಾಪಸ್ ಕಳಿಸಿದ್ರು. ಮಿಲಾ ಬೇಡ ಅಂದ್ರೆ ಹರಿದು ಒಲೆಗೆ ಹಾಕ್ತೀನಿ."

ಮರುವಾರ ಅವಳು ತಲೆ ತಗ್ಗಿಸಿಯೇ ಹೇಳಿದಳು. "ದೋಣಿಗೆ ಭಯ ಆಗ್ತಿದೆ, ಒಂದು ದೀಪ ಕೊಡಿ ಅಂದಳು."

ಲ್ಯೂಬೆನ್ ಕುಂಚ ತೆಗೆದು, ಕಪ್ಪಿನ ನಡುವೆ ಸಾಸಿವೆಯಷ್ಟು ಹಳದಿ ಇಟ್ಟ. ಇಡೀ ಪುಟಕ್ಕೆ ಜೀವ ಬಂತು. ಮೊದಲ ಪುಟದಲ್ಲಿ 'ಮಿಲಾಗೆ' ಎಂದು ಬರೆದ.

ಇಲ್ಲದ ಮಗುವಿನ ಮೇಲೆ ಹೊಟ್ಟೆಕಿಚ್ಚು! 'ಅವನಿಗೆ ಬೇಕಾದವಳು ಮಿಲಾ. ನಾನು ಬರೀ ಪುಸ್ತಕ ಹೊರುವವಳು,' ಎಂದು ಆವತ್ತು ಡೈರಿಯಲ್ಲಿ ಬರೆದು ಅತ್ತಳು.

ಮಾರ್ಚ್ ಒಂದಕ್ಕೆ, ವಸಂತದ ಶುಭಕ್ಕೆಂದು, ಊರಿನವರೆಲ್ಲ ಒಬ್ಬರಿಗೊಬ್ಬರು ಕೆಂಪು-ಬಿಳಿ ದಾರ ಕಟ್ಟಿದರು. ಹೂ ಬಿಟ್ಟ ಮರ ಕಣ್ಣಿಗೆ ಬೀಳುವವರೆಗೆ ಅದು ಕೈಯಲ್ಲಿರಬೇಕು. ಲ್ಯೂಬೆನ್ ಒಂದು ಪುಟಾಣಿ ದಾರ ಕೊಟ್ಟ, ಅದರಲ್ಲಿ ಅವನೇ ಕೆತ್ತಿದ ಮರದ ಬಾತುಕೋಳಿ.

"ಮಿಲಾಗೆ."

ಅವನ ಇನ್ನೊಂದು ಕೈ ಜೇಬಿನೊಳಗೆ ಏನನ್ನೋ ಹುಡುಕಿ, ಖಾಲಿಯಾಗಿಯೇ ಹೊರಬಂತು.

ತನ್ನ ಬಾಡಿಗೆ ಕೋಣೆಗೆ ಹೋಗಿ ಆ ದಾರವನ್ನು ತನ್ನ ಮಣಿಕಟ್ಟಿಗೇ ಕಟ್ಟಿಕೊಂಡಳು. ಬಿಗಿಯಾಗಿ ಕಚ್ಚುತ್ತಿತ್ತು. ಅಂಗಿಯ ತೋಳು ಕೆಳಗೆಳೆದು ಮುಚ್ಚಿದಳು.

ತಿಂಗಳ ಕೊನೆಗೆ ಹೊಸ ನಿಯಮ ಬಂತು. ಐದು ಮಕ್ಕಳಾದರೂ ಇಲ್ಲದಿದ್ದರೆ ಮಕ್ಕಳ ಕೋಣೆಗೆ ಬೀಗ!

"ನಾಲ್ಕಿದ್ದಾರೆ. ಐದನೆಯವಳು ನಮ್ಮ ಮಿಲಾ!" ಲ್ಯೂಬೆನ್ ಮುಖದಲ್ಲಿ ಆಸೆ. "ಶನಿವಾರ ಹನ್ನೊಂದಕ್ಕೆ ಸಮಿತಿಯವರು ಬರ್ತಾರೆ. ಮಕ್ಕಳನ್ನ ಕಣ್ಣಾರೆ ನೋಡಬೇಕಂತೆ. ನೆಗಡಿ ಇದ್ರೂ ಪರವಾಗಿಲ್ಲ, ಹೊದಿಸಿ ಕರ್ಕೊಂಡು ಬನ್ನಿ."

ಅವಳು ಹೂಂ ಅಂದಳು. ಹೂಂ ಅಂದುಬಿಟ್ಟಳು!

ಶನಿವಾರ ಹತ್ತೂವರೆಗೆ ಒಬ್ಬಳೇ ಬಂದಳು. ಓದುಮನೆಯ ಅಂಗಳದಲ್ಲಿ ಪ್ಲಮ್ ಮರ ರಾತ್ರೋರಾತ್ರಿ ಹೂ ಬಿಟ್ಟಿತ್ತು. ಬಾಗಿಲಲ್ಲಿ ಲ್ಯೂಬೆನ್ ಅವಳ ಹಿಂದೆ ಇಣುಕಿ ನೋಡಿದ. ಯಾರೂ ಇರಲಿಲ್ಲ.

"ಬಂದೆಯಾ? ಮೊದಲು ದಾರ ಬಿಚ್ಚಿ ಕೊಂಬೆಗೆ ಕಟ್ಟೇ!" ಪೆನ್ಕಾ ಚಿಕ್ಕಮ್ಮ ಅವಳ ಅಂಗಿಯ ತೋಳು ಮೇಲಕ್ಕೆಳೆದಳು.

ಮರದ ಬಾತುಕೋಳಿ ಬಿಸಿಲಿಗೆ ಬಂತು.

ಲ್ಯೂಬೆನ್ ಬಿಳಿಚಿಕೊಂಡ. "ಇದು ಮಿಲಾದು... ಮಗೂಗೆ ಏನಾಯ್ತು? ಝೋರ್ನಿತ್ಸಾ, ಏನಾಯ್ತು ಹೇಳಿ!"

'ಅಕ್ಕ ಕರ್ಕೊಂಡು ಹೋದಳು.' ಸುಳ್ಳು ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಅದನ್ನು ಅಲ್ಲೇ ನುಂಗಿದಳು.

ಅವನು ದಾರ ಬಿಚ್ಚಿ ತೆಗೆದ. ಚರ್ಮದ ಮೇಲೆ ಕೆಂಪಗೆ ಬಳೆಯಂಥ ಗುರುತು. ಒಂದೆರಡು ದಿನದ ಗುರುತಲ್ಲ ಅದು, ತಿಂಗಳಿಡೀ ಕಟ್ಟಿಕೊಂಡದ್ದು. ಅವನ ಬೆರಳು ಅಲ್ಲೇ ನಿಂತಿತು.

"ಮಿಲಾ... ಇಲ್ಲವೇ ಇಲ್ಲ. ಅಲ್ವಾ?"

ಅವಳ ಕಣ್ಣೀರೇ ಉತ್ತರ. ಪೆನ್ಕಾ ಚಿಕ್ಕಮ್ಮ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

"ಐದು ತಿಂಗಳು!" ಅವನ ಧ್ವನಿ ಒಡೆಯಿತು. "ನಾನು ಅವಳಿಗೋಸ್ಕರ ಕುಂಚ ಹಿಡಿದೆ ರೀ... ಇನ್ನು ನಾಲ್ಕೇ ಮಕ್ಕಳು. ಬೀಗ ಬಿತ್ತು ಅಂತಲೇ ಲೆಕ್ಕ."

"ಗೊತ್ತು..."

ಇಬ್ಬರೂ ಮರದಡಿ ನಿಂತರು. ಹಗುರ ಗಾಳಿಗೆ ಹೂವೆಸಳು ಅವಳ ಕೂದಲ ಮೇಲೆ ಬಿದ್ದವು. ಮುಗಿಯಿತು, ಹೊರಡಬೇಕು, ಅಂದುಕೊಂಡಳು.

ಲ್ಯೂಬೆನ್ ಜೇಬಿಗೆ ಕೈ ಹಾಕಿದ. ತುದಿ ಮಾಸಿದ ಇನ್ನೊಂದು ಕೆಂಪು-ಬಿಳಿ ದಾರ. ದೊಡ್ಡವರ ಕೈಯಳತೆಯದು.

"ಒಂದನೇ ತಾರೀಕಿಂದ ಇಲ್ಲೇ ಇದೆ. ಮಗುವಿನ ಚಿಕ್ಕಮ್ಮನಿಗೆ, ನಿಮಗೆ, ಕೊಡೋಕೆ ಧೈರ್ಯ ಸಾಲಲಿಲ್ಲ. ಈಗ ಮರವೂ ಹೂ ಬಿಟ್ಟಾಯ್ತು... ಕಟ್ಟೋ ಕಾಲವೂ ಮುಗೀತು."

ಆದರೂ ಅವನು ಅದನ್ನು ಒಳಗಿಡಲಿಲ್ಲ.

"ಒಂದೇ ಒಂದು ಕೇಳ್ತೀನಿ. ಮಿಲಾ ಹೆಸರು ಹೇಳಬೇಡ." ಎಂದೂ ಇಲ್ಲದೆ ಏಕವಚನಕ್ಕೆ ಇಳಿದಿದ್ದ. "ಆ ದೋಣಿಗೆ ದೀಪ ಕೇಳಿದ್ದು ಯಾರು?"

ಝೋರ್ನಿತ್ಸಾ ಖಾಲಿ ಮಣಿಕಟ್ಟನ್ನು ಅವನ ಮುಂದೆ ಚಾಚಿದಳು. ಡೈರಿಗೂ ಹೇಳದಿದ್ದ ಮಾತು ಕೊನೆಗೂ ಬಾಯಿಗೆ ಬಂತು.

"ನಾನು, ಲ್ಯೂಬೆನ್. ಕತ್ತಲಲ್ಲಿ ಒಬ್ಬಳೇ ಇರೋಕೆ... ನನಗೇ ಭಯ ಆಗ್ತಿತ್ತು."